ಕಿಡ್ನಿ ಗಡ್ಡೆಯಿಂದ ಸೆಲ್ ಲೈನ್: ಧಾರವಾಡದ ಲ್ಯಾಬಿನ ಕೆಲಸದ ಡೈರಿ

ಪ್ಯಾಸೇಜ್ 32 ದಾಟಿತು, ಅಂದರೆ ತುಂಬಿದ ಫ್ಲಾಸ್ಕಿನಿಂದ ಹೊಸದಕ್ಕೆ ಸೆಲ್ ಹಂಚಿದ್ದು 32 ಸಲ ದಾಟಿತು. ಹೀಗೆ ಲ್ಯಾಬಿನಲ್ಲಿ ನಿಲ್ಲದೇ ಬೆಳೆಯುತ್ತಾ ಹೋಗುವ, ಒಂದೇ ಮೂಲದ ಸೆಲ್‌ಗಳಿಗೆ ಸೆಲ್ ಲೈನ್ ಅಂತಾರೆ. ಫ್ಲಾಸ್ಕಿನಲ್ಲಿ ಇರುವುದು ಒಬ್ಬ ರೋಗಿಯ ಪ್ಯಾಪಿಲರಿ ಬಗೆಯ ಕಿಡ್ನಿ ಗಡ್ಡೆಯ ಸೆಲ್‌ಗಳೇ ಅಂತ ಈಗ ಧೈರ್ಯವಾಗಿ ಹೇಳಬಹುದು. ಸೆಲ್ ಬೆಳೆಸಲು ಹಿಡಿದದ್ದಕ್ಕಿಂತ ಈ ಧೈರ್ಯ ಬರಲು ಹಿಡಿದ ಸಮಯವೇ ಜಾಸ್ತಿ. ಶುರು ಮಾಡುವಾಗ ನಮ್ಮ ಕೈಗೆ ಸಿಕ್ಕ ಪ್ರೊಟೊಕಾಲ್‌ಗಳಲ್ಲಿ ಎಲ್ಲವೂ ಸರಾಗ. ಅಲ್ಲಿ ಕರೆಂಟ್ ಹೋಗುವುದಿಲ್ಲ, ಮಳೆಗಾಲ ಬರುವುದಿಲ್ಲ, ಬೇಡದ ಸೆಲ್ ಬೆಳೆಯುವುದಿಲ್ಲ. ಹಾಗಾಗಿ ನಮ್ಮಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ.

ಪ್ಯಾಪಿಲರಿಯೇ ಯಾಕೆ? ಕಿಡ್ನಿ ಕ್ಯಾನ್ಸರ್‌ನಲ್ಲಿ ಮುಕ್ಕಾಲು ಪಾಲು ಕ್ಲಿಯರ್ ಸೆಲ್ ಬಗೆಯದು. ಅದಾದ ಮೇಲೆ ಪ್ಯಾಪಿಲರಿ, ನೂರಕ್ಕೆ 15ರ ಆಸುಪಾಸು. ಲ್ಯಾಬುಗಳಲ್ಲಿ ಓಡಾಡುವ 786-ಒ, ಎ-498 ತರಹದ ಲೈನ್‌ಗಳು ಕ್ಲಿಯರ್ ಸೆಲ್ ಕಡೆಯವು. ಪ್ಯಾಪಿಲರಿ ಅಂತ ಗಟ್ಟಿಯಾಗಿ ಹೇಳಬಹುದಾದ ಲೈನ್‌ಗಳು ಕೈಬೆರಳಲ್ಲಿ ಎಣಿಸುವಷ್ಟು. ಕಾಕಿ-2 ಅನ್ನು ಬಹಳ ಕಾಲ ಕ್ಲಿಯರ್ ಸೆಲ್ ಅಂತಲೇ ಬಳಸಿದರು, ಆಮೇಲೆ ಅದು ಪ್ಯಾಪಿಲರಿ ಇರಬಹುದು ಅನ್ನುವ ವಾದ ಬಂತು. ಬೀರುವಿನಲ್ಲಿರುವ ಸೀಸೆಯ ಚೀಟಿಯನ್ನೇ ನಂಬುವ ಹಾಗಿಲ್ಲ ಅಂದರೆ ಕಷ್ಟ ಅಲ್ವಾ?

ಹಂತ 1: ಕಾಗದ

ಎಥಿಕ್ಸ್ ಕಮಿಟಿ ಅನುಮತಿ ಮೊದಲು. ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಒಪ್ಪಿಗೆ ಪತ್ರ ಕನ್ನಡದಲ್ಲೇ ತಯಾರು ಮಾಡಿದೆವು. ಮೊದಲ ಕರಡನ್ನು ಕಮಿಟಿ ವಾಪಸ್ ಕಳಿಸಿತು. ಅದು ಕನ್ನಡ ಹೌದು, ಆದರೆ ಓದಿದವರಿಗೆ ಅರ್ಥ ಆಗುವ ಕನ್ನಡ ಅಲ್ಲ. ಎರಡನೆಯದನ್ನು ಆಸ್ಪತ್ರೆಯ ನರ್ಸ್ ಒಬ್ಬರ ಜೊತೆ ಕೂತು ಬರೆದೆವು. "ನಿಮ್ಮ ಗಡ್ಡೆಯ ಚೂರನ್ನು ಲ್ಯಾಬಿನಲ್ಲಿ ಬೆಳೆಸುತ್ತೇವೆ, ಅದು ವರ್ಷಗಟ್ಟಲೆ ಬೆಳೆಯಬಹುದು, ಬೇರೆ ಊರಿನವರಿಗೂ ಕೊಡಬಹುದು, ಅದರಿಂದ ನಿಮಗೆ ದುಡ್ಡು ಬರುವುದಿಲ್ಲ" ಅಂತ ನೇರವಾಗಿ.

ಒಬ್ಬ ರೋಗಿಯ ಅಣ್ಣ, ನವಲಗುಂದದ ಕಡೆಯವರು, ಪೂರ್ತಿ ಕೇಳಿಸಿಕೊಂಡು, "ತಗದ ಒಗದ ಗಡ್ಡಿ ಮತ್ತ್ಯಾಕ ಬೆಳಸ್ತೀರ್ರಿ ಸರ?" ಅಂದರು. ಔಷಧಿ ಮನುಷ್ಯನ ಮೇಲೆ ಹಾಕುವ ಮೊದಲು ಗಡ್ಡೆಯ ಮೇಲೆ ಹಾಕಿ ನೋಡೋದಕ್ಕೆ ಅಂದೆ. "ಹಂಗಾರ ಒಯ್ರಿ" ಅಂದರು. ಸಹಿ ಮಾಡುವ ಮುಂಚೆ ಇನ್ನೊಂದು ಪ್ರಶ್ನೆ: "ತಮ್ಮನ ಹೆಸರು ಬರೂದಿಲ್ಲಲ್ರಿ?" ಬರುವುದಿಲ್ಲ. ಬಾಲ್ಟಿಮೋರ್‌ನಲ್ಲಿ 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಅವರ ಗಡ್ಡೆಯನ್ನು ಕೇಳದೇ ಬೆಳೆಸಿ, ಅವರ ಹೆಸರಿನ ಮೊದಲ ಅಕ್ಷರಗಳಿಂದಲೇ ಹೀಲಾ ಅಂತ ಹೆಸರಿಟ್ಟ ಕಥೆ ಎಲ್ಲರಿಗೂ ಗೊತ್ತು. ನಮ್ಮ ಲೈನ್‌ಗೆ ರೋಗಿಯ ಹೆಸರು, ಊರು ಯಾವುದರ ಸುಳಿವೂ ಇಲ್ಲದ ಒಂದು ಕೋಡ್ ಮಾತ್ರ ಇದೆ.

ಇದೇ ಅರ್ಜಿಯಲ್ಲಿ ಇನ್ನೊಂದು ಸಾಲು ಸೇರಿಸಿದ್ದೆವು: ಗಡ್ಡೆಯ ಜೊತೆಗೆ 3 ಮಿಲಿ ರಕ್ತವೂ ಬೇಕು. ಆಗ ಅದು ಸುಮ್ನೆ ಫಾರ್ಮಾಲಿಟಿ ಅನ್ನಿಸಿತ್ತು. ಆ ರಕ್ತ ಇಲ್ಲದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಹಂತ 2: ಇನ್‌ಕ್ಯುಬೇಟರ್ ರಿಪೇರಿ

ಸೆಲ್‌ಗೆ ಬೇಕಾದ್ದು 37 ಡಿಗ್ರಿ, ನೂರಕ್ಕೆ 5 ಕಾರ್ಬನ್ ಡೈಆಕ್ಸೈಡ್, ತೇವ. ನಮ್ಮದು ಹಳೆಯ ಇನ್‌ಕ್ಯುಬೇಟರ್. ಗ್ಯಾಸ್ ಬಿಡುವ ವಾಲ್ವ್ ಕರೆಂಟ್ ಹೋದ ಕೂಡಲೇ ಮುಚ್ಚಿಕೊಳ್ಳುತ್ತದೆ. ಅದು ಸುರಕ್ಷತೆಗಾಗಿ ಇರುವ ವ್ಯವಸ್ಥೆ, ಸರಿಯಾದದ್ದೇ. ಆದರೆ ಒಳಗಿನ ಗ್ಯಾಸ್ ಮೆಲ್ಲಗೆ ಸೋರುತ್ತದೆ, ಮೀಡಿಯಂ (ಸೆಲ್ ಬೆಳೆಯುವ ಪೋಷಕ ದ್ರವ) ಕ್ಷಾರಕ್ಕೆ ತಿರುಗುತ್ತದೆ. ಬೆಳಿಗ್ಗೆ ಬಂದು ಬಾಗಿಲು ತೆಗೆದರೆ ಕಿತ್ತಳೆ ಛಾಯೆಯ ಕೆಂಪಗಿರಬೇಕಾದ ಫ್ಲಾಸ್ಕ್‌ಗಳೆಲ್ಲ ಗುಲಾಬಿ ನೇರಳೆ. ಮೀಡಿಯಂನಲ್ಲಿ ಬೆರೆಸಿರುವ ಫೀನಾಲ್ ರೆಡ್ ಸೂಚಕದ ಬಣ್ಣ ನೋಡಿದ ಕೂಡಲೇ ರಾತ್ರಿ ಎಷ್ಟು ಹೊತ್ತು ಕರೆಂಟ್ ಇರಲಿಲ್ಲ ಅಂತ ಅಂದಾಜು ಮಾಡುವ ಅಭ್ಯಾಸ ನಮಗೆಲ್ಲ ಆಗಿಬಿಟ್ಟಿತು.

ಮೊದಲು ಆಫೀಸಿನ ಹಳೆಯ ಇನ್ವರ್ಟರ್ ತಂದು ಜೋಡಿಸಿದೆವು. ಅದು ಸ್ಕ್ವೇರ್ ವೇವ್ ಇನ್ವರ್ಟರ್. ಫ್ಯಾನು, ಲೈಟಿಗೆ ಸಾಕು. ಇನ್‌ಕ್ಯುಬೇಟರ್‌ನ ಕಂಟ್ರೋಲ್ ಬೋರ್ಡ್‌ಗೆ ಆಗಲಿಲ್ಲ. ಗ್ಯಾಸ್ ರೀಡಿಂಗ್ 5ರಿಂದ 9ಕ್ಕೆ, ಅಲ್ಲಿಂದ 2ಕ್ಕೆ ಕುಣಿಯಿತು, ಅಲಾರಂ ನಿಲ್ಲಲೇ ಇಲ್ಲ. ಆಮೇಲೆ 2 ಕೆವಿಎ ಪ್ಯೂರ್ ಸೈನ್ ವೇವ್ ಇನ್ವರ್ಟರ್, 150 ಎಎಚ್‌ನ ಎರಡು ಟ್ಯೂಬ್ಯುಲರ್ ಬ್ಯಾಟರಿ ತಂದೆವು. ವೈರಿಂಗ್ ಸೇರಿ ನಲವತ್ತು ಸಾವಿರ ದಾಟಿತು. ಅದರ ಮೇಲೆ ಇನ್‌ಕ್ಯುಬೇಟರ್ ಒಂದನ್ನೇ ಬಿಟ್ಟರೆ ರಾತ್ರಿ ಪೂರ್ತಿ ನಡೆಯುತ್ತದೆ. ಸೆಲ್ ಕೆಲಸ ಮಾಡುವ, ಸೋಸಿದ ಗಾಳಿ ಬೀಸುವ ಹುಡ್, ಸೆಂಟ್ರಿಫ್ಯೂಜ್ ಅದಕ್ಕೆ ಹಚ್ಚಬಾರದು ಅಂತ ಸಾಕೆಟ್ ಮೇಲೆ ಕೆಂಪು ಟೇಪ್ ಸುತ್ತಿದ್ದೇವೆ. ಜೊತೆಗೆ ಮೀಡಿಯಂಗೆ 25 ಮಿಲಿಮೋಲಾರ್ ಹೆಪೆಸ್ ಸೇರಿಸಿದೆವು. ಗ್ಯಾಸ್ ಇಲ್ಲದಿದ್ದರೂ ಅದು ಸ್ವಲ್ಪ ಹೊತ್ತು ಪಿಎಚ್ ಹಿಡಿದಿಡುತ್ತದೆ.

ಗ್ಯಾಸ್ ಸಿಲಿಂಡರ್ ಹುಬ್ಬಳ್ಳಿಯಿಂದ ಬರುತ್ತದೆ. ಸೋಡಾ ಮಾಡುವವರಿಗೆ ಹೋಗುವ ಅದೇ ಗಾಡಿ. ನಡುವೆ 0.2 ಮೈಕ್ರಾನ್ ಫಿಲ್ಟರ್ ಹಾಕಿದರೆ ತೊಂದರೆ ಇಲ್ಲ. ಒಂದು ಸಿಲಿಂಡರ್ ನಂಬಿ ಕೂರಬೇಡಿ. ಗಣೇಶ ಚೌತಿ ಸಮಯದಲ್ಲಿ ಗಾಡಿ ಬರುವುದೇ ಇಲ್ಲ.

ಮಳೆಗಾಲದ ಪಾಡು ಬೇರೆ. ಆರಿದ್ರಾ ಮಳೆ ಹಿಡಿಯಿತು ಅಂದರೆ ಧಾರವಾಡದಲ್ಲಿ ಗೋಡೆ, ಚಪ್ಪಲಿ, ಪುಸ್ತಕ ಎಲ್ಲಕ್ಕೂ ಬೂಷ್ಟು. ಫ್ಲಾಸ್ಕಿಗೂ ಬಂತು. ಮೈಕ್ರೊಸ್ಕೋಪಿನಲ್ಲಿ ಕವಲೊಡೆದ ದಾರಗಳು, ಎರಡೇ ದಿನದಲ್ಲಿ ಬರಿಗಣ್ಣಿಗೇ ಕಾಣುವ ಬೂದು ಉಂಡೆ. ಒಂದು ಇಡೀ ಬ್ಯಾಚ್ ಬ್ಲೀಚ್ ಪಾಲಾಯಿತು. ಹುಡುಕಿದಾಗ ಸಿಕ್ಕ ಕಾರಣಗಳು: ರೂಮಿನೊಳಗೆ ಪೇರಿಸಿಟ್ಟ ರಟ್ಟಿನ ಡಬ್ಬಿಗಳು, ಹುಡ್ ಕಡೆಗೇ ಮುಖ ಮಾಡಿದ ಏಸಿ. ರಟ್ಟು ಹೊರಗೆ ಹಾಕಿದೆವು, ಏಸಿಯ ಗಾಳಿ ತಿರುಗಿಸಿದೆವು, ಇನ್‌ಕ್ಯುಬೇಟರ್ ಟ್ರೇಯ ನೀರನ್ನು ವಾರಕ್ಕೊಮ್ಮೆ ಸ್ಟೆರೈಲ್ ಡಿಸ್ಟಿಲ್ಡ್ ನೀರಿನಿಂದ ಬದಲಿಸಿದೆವು. ಮೊದಲ ವಾರಗಳಲ್ಲಿ ಬೂಷ್ಟು ಕೊಲ್ಲುವ ಆಂಫೊಟೆರಿಸಿನ್ ಕೂಡ ಹಾಕಿದೆವು. ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ.

ಹಂತ 3: ಗಡ್ಡೆ ತರುವುದು

ಆಪರೇಶನ್ ಹುಬ್ಬಳ್ಳಿಯಲ್ಲಿ, ಲ್ಯಾಬ್ ಧಾರವಾಡದಲ್ಲಿ. ನಡುವೆ 20 ಕಿಲೋಮೀಟರ್. ಚಿಗರಿ ಬಸ್ಸಿನಲ್ಲಿ ಬೇಗ ಬರಬಹುದು, ಆದರೆ ರೋಗಿಯ ಅಂಗಾಂಶವನ್ನು ಸಾರ್ವಜನಿಕ ಬಸ್ಸಿನಲ್ಲಿ ತರುವುದು ಸರಿಯಲ್ಲ. ಕಾರು ಗೊತ್ತು ಮಾಡಿಕೊಂಡೆವು. ಉಣಕಲ್ ಹತ್ತಿರ ಸಂಜೆ ಸಿಕ್ಕಿಕೊಂಡರೆ ಮುಗಿಯಿತು, ಹಾಗಾಗಿ ಬೆಳಗಿನ ಮೊದಲ ಕೇಸ್‌ಗಳನ್ನೇ ಕೇಳುತ್ತಿದ್ದೆವು.

ಚೂರು ಎಲ್ಲಿಂದ ತೆಗೆಯಬೇಕು ಅಂತ ಹೇಳುವವರು ಪೆಥಾಲಜಿಸ್ಟ್. ಪ್ಯಾಪಿಲರಿ ಗಡ್ಡೆಯ ನಡುವೆ ಸತ್ತ ಭಾಗ, ರಕ್ತ ತುಂಬಿದ ಭಾಗ ಜಾಸ್ತಿ. ಅಂಚಿನ ಕಡೆ, ಕಂದು ಬಣ್ಣದ, ಮುಟ್ಟಿದರೆ ಉದುರುವ ಭಾಗ ಬೇಕು. ತೀರಾ ಅಂಚಿಗೆ ಹೋದರೆ ಒಳ್ಳೆಯ ಕಿಡ್ನಿಯೂ ಸೇರಿಬಿಡುತ್ತದೆ. ಇದರ ಫಲ ಹಂತ 5ರಲ್ಲಿ ಬರುತ್ತದೆ.

50 ಮಿಲಿ ಟ್ಯೂಬ್‌ನಲ್ಲಿ ತಣ್ಣನೆಯ ಮೀಡಿಯಂ, ಮಾಮೂಲಿನ ಎರಡರಷ್ಟು ಪೆನಿಸಿಲಿನ್-ಸ್ಟ್ರೆಪ್ಟೊಮೈಸಿನ್. ಮೂರು ಪದರ ಪ್ಯಾಕಿಂಗ್, ಥರ್ಮೊಕೋಲ್ ಡಬ್ಬಿ, ಜೆಲ್ ಪ್ಯಾಕ್. ಟ್ಯೂಬ್ ನೇರವಾಗಿ ಐಸ್‌ಗೆ ತಾಗಬಾರದು. ತಾಗಿದ ಕಡೆ ಹೆಪ್ಪುಗಟ್ಟಿ ಸೆಲ್ ಒಡೆಯುತ್ತದೆ. ನಡುವೆ ಒಂದು ಬಟ್ಟೆ ಸುತ್ತಿದರೆ ಸಾಕು.

ಹಂತ 4: ಬಿಡಿಸುವುದು, ಮತ್ತು ಫೈಬ್ರೊಬ್ಲಾಸ್ಟ್ ಕಾಟ

ಪೆಟ್ರಿ ಡಿಶ್‌ನಲ್ಲಿ ಚೂರು ಇಟ್ಟು ಎರಡು ಸ್ಕಾಲ್ಪೆಲ್‌ಗಳಿಂದ 1 ಮಿಲಿಮೀಟರ್ ಗಾತ್ರಕ್ಕೆ ಕೊಚ್ಚಬೇಕು. ಕೆಲವು ಗಡ್ಡೆಗಳಲ್ಲಿ ಬ್ಲೇಡಿಗೆ ಕರಕರ ಅಂತ ಏನೋ ಸಿಗುತ್ತದೆ. ಅವು ಸಮೋಮಾ ಬಾಡಿಗಳು, ಪದರ ಪದರವಾಗಿ ಕಟ್ಟಿದ ಸುಣ್ಣದ ಕಣಗಳು. ಪ್ಯಾಪಿಲರಿಯಲ್ಲಿ ಇವು ಸಾಮಾನ್ಯ. ಮೊದಲ ಸಲ ಬ್ಲೇಡ್ ಮುರಿಯಿತೇನೋ ಅಂತ ಎತ್ತಿ ನೋಡಿದ್ದೆ.

ಮೊದಮೊದಲು ಸೆಲ್ ಬಿಡಿಸಲು ಮಾಡಿದ್ದು ಎಂಜೈಮ್ ಹಾಕುವುದು: ಕೊಲಾಜಿನೇಸ್ 1 ಮಿಲಿಗ್ರಾಂ ಪ್ರತಿ ಮಿಲಿಗೆ, ಡಿಎನ್ಏಸ್ 0.1 ಮಿಲಿಗ್ರಾಂ, 37 ಡಿಗ್ರಿಯಲ್ಲಿ ರಾತ್ರಿಯಿಡೀ. ಬೆಳಿಗ್ಗೆ ಟ್ರಿಪಾನ್ ಬ್ಲೂ ಹಾಕಿ ನೋಡಿದರೆ ಮುಕ್ಕಾಲು ಪಾಲು ಸೆಲ್ ನೀಲಿ, ಅಂದರೆ ಸತ್ತಿವೆ. ಉದುರುವ ಗಡ್ಡೆಗೆ ರಾತ್ರಿಯಿಡೀ ಬೇಕಿಲ್ಲ. ಒಂದು ಗಂಟೆ, ಹದಿನೈದು ನಿಮಿಷಕ್ಕೊಮ್ಮೆ ಅಲುಗಿಸುತ್ತಾ ಇದ್ದರೆ ಸಾಕು. ನಂತರ 100 ಮೈಕ್ರಾನ್ ಜಾಲರಿಯಲ್ಲಿ ಸೋಸಿ, 300 ಜಿ ಬಲದಲ್ಲಿ 5 ನಿಮಿಷ ಸೆಂಟ್ರಿಫ್ಯೂಜ್. ಕೆಂಪು ರಕ್ತಕಣ ಜಾಸ್ತಿ ಇದ್ದರೆ ಅಮೋನಿಯಂ ಕ್ಲೋರೈಡ್ ದ್ರಾವಣದಿಂದ ಒಡೆಯುವುದು. ಕೊಲಾಜೆನ್ ಹಚ್ಚಿದ ಟಿ-25 ಫ್ಲಾಸ್ಕಿಗೆ 5 ಮಿಲಿ ಮೀಡಿಯಂನಲ್ಲಿ ಬಿಡುವುದು. ಮೀಡಿಯಂ ಡಿಎಂಇಎಂ/ಎಫ್12, ನೂರಕ್ಕೆ 10 ಎಫ್‌ಬಿಎಸ್ (ಹುಟ್ಟದ ಕರುವಿನ ರಕ್ತದ ಸೀರಂ).

ಒಂದು ವಾರದಲ್ಲಿ ಎಪಿಥೀಲಿಯಲ್ ಸೆಲ್‌ಗಳ (ಕಿಡ್ನಿ ನಾಳದ ಒಳಹೊದಿಕೆಯ ಬಗೆಯವು, ಈ ಗಡ್ಡೆ ಹುಟ್ಟುವುದೂ ಇವುಗಳಿಂದಲೇ) ದ್ವೀಪಗಳು ಕಾಣಿಸಿದವು. ಖುಷಿ. ಎರಡನೇ ವಾರಕ್ಕೆ ದ್ವೀಪಗಳ ನಡುವೆ ಉದ್ದುದ್ದ ಸೆಲ್‌ಗಳು. ಮೂರನೇ ವಾರಕ್ಕೆ ಫ್ಲಾಸ್ಕ್ ತುಂಬ ಸುಳಿ ಸುಳಿಯಾಗಿ ಅವೇ. ಇವೇ ಫೈಬ್ರೊಬ್ಲಾಸ್ಟ್, ಗಡ್ಡೆಯ ಸೆಲ್‌ಗಳ ಸುತ್ತ ಇರುವ ಸಂಯೋಜಕ ಅಂಗಾಂಶದ ಸೆಲ್‌ಗಳು. ಫೈಬ್ರೊಬ್ಲಾಸ್ಟ್ ಅಂದರೆ ಹೊಲಕ್ಕೆ ಬಿದ್ದ ಕಾಂಗ್ರೆಸ್ ಕಸ. ಒಂದು ಗಿಡ ಬಿಟ್ಟರೂ ಮುಂದಿನ ಮಳೆಗೆ ಹೊಲವೆಲ್ಲ ಅದೇ. ಮೊದಲ ಗಡ್ಡೆಗಳೆಲ್ಲ ಹೀಗೇ ಹೋದವು.

ನಾವು ಹೂಡಿದ ಉಪಾಯಗಳು:

ಟ್ರಿಪ್ಸಿನ್ ಅಂತರ. ಸೆಲ್‌ಗಳನ್ನು ತಳದಿಂದ ಬಿಡಿಸುವ ಎಂಜೈಮ್ ಟ್ರಿಪ್ಸಿನ್ ಅನ್ನು 0.05 ಶೇಕಡಾ ಹಾಕಿ ಒಂದೆರಡು ನಿಮಿಷ ಮೈಕ್ರೊಸ್ಕೋಪ್ ಕೆಳಗೇ ನೋಡುತ್ತಿರುವುದು. ಫೈಬ್ರೊಬ್ಲಾಸ್ಟ್ ಮೊದಲು ದುಂಡಗಾಗಿ ಏಳುತ್ತದೆ. ಅದನ್ನು ತೊಳೆದು ಚೆಲ್ಲಿ ಉಳಿದದ್ದಕ್ಕೆ ಹೊಸ ಮೀಡಿಯಂ. ಕೆಲಸ ಮಾಡುತ್ತದೆ, ಆದರೆ ಪದೇ ಪದೇ ಮಾಡಬೇಕು.

ಡಿ-ವ್ಯಾಲಿನ್. ಇದು 1975ರಿಂದ ಗೊತ್ತಿರುವ ಯುಕ್ತಿ. ಮೀಡಿಯಂನ ಎಲ್-ವ್ಯಾಲಿನ್ ಅನ್ನುವ ಅಮೈನೊ ಆಮ್ಲ ತೆಗೆದು ಅದರ ಕನ್ನಡಿ ರೂಪ ಡಿ-ವ್ಯಾಲಿನ್ ಹಾಕುವುದು. ಕಿಡ್ನಿ ನಾಳದ ಸೆಲ್‌ಗಳ ಬಳಿ ಅದನ್ನು ತಿರುಗಿಸಿ ಬಳಸಿಕೊಳ್ಳುವ ಎಂಜೈಮ್ ಇದೆ, ಫೈಬ್ರೊಬ್ಲಾಸ್ಟ್ ಬಳಿ ಇಲ್ಲ. ಓದಲು ಚಂದ. ಆದರೆ ಮಾಮೂಲಿ ಎಫ್‌ಬಿಎಸ್‌ನಲ್ಲೇ ಎಲ್-ವ್ಯಾಲಿನ್ ಇರುತ್ತದೆ, ಡಯಲೈಸ್ ಮಾಡಿದ (ಸಣ್ಣ ಅಣುಗಳನ್ನು ಸೋಸಿ ತೆಗೆದ) ಸೀರಂ ಬೇಕು, ಅದಕ್ಕೆ ಬೆಲೆ ಜಾಸ್ತಿ. ತರಿಸಿದೆವು. ಫೈಬ್ರೊಬ್ಲಾಸ್ಟ್ ನಿಧಾನವಾಯಿತು, ನಮ್ಮ ಗಡ್ಡೆಯ ಸೆಲ್‌ಗಳೂ ಸೊರಗಿದವು. ಗಡ್ಡೆಯಾದ ಮೇಲೂ ಆ ಎಂಜೈಮ್ ಉಳಿದಿರಲೇಬೇಕು ಅಂತೇನೂ ಇಲ್ಲವಲ್ಲ. ದುಡ್ಡು ದಂಡ.

ಕೆರೆದು ತೆಗೆಯುವುದು. ಫ್ಲಾಸ್ಕಿನ ಬದಲು ಡಿಶ್‌ನಲ್ಲಿ ಬೆಳೆಸಿ, ತಳದ ಹೊರಗೆ ಮಾರ್ಕರ್‌ನಿಂದ ಒಳ್ಳೆಯ ದ್ವೀಪಗಳಿಗೆ ಸುತ್ತು ಹಾಕಿ, ಸುತ್ತಿನ ಹೊರಗಿನದೆಲ್ಲವನ್ನೂ ಸ್ಟೆರೈಲ್ ಪಿಪೆಟ್ ತುದಿಯಿಂದ ಕೆರೆಯುವುದು. ಕುತ್ತಿಗೆ ನೋವು ಬರುತ್ತದೆ. ಕೊನೆಗೆ ಫಲ ಕೊಟ್ಟದ್ದು ಮಾತ್ರ ಇದೇ.

ಹಂತ 5: ಚಂದ ಬೆಳೆದದ್ದು, ಆದರೆ ಬೇರೆಯದು

ಒಂದು ಗಡ್ಡೆಯಿಂದ ಫೈಬ್ರೊಬ್ಲಾಸ್ಟ್ ಇಲ್ಲದ, ಕಲ್ಲುಹಾಸಿನಂತೆ ಒತ್ತೊತ್ತಾದ ಸೆಲ್‌ಗಳು ಬಂದವು. ಎಪಿಥೀಲಿಯಲ್ ಅನ್ನುವುದರಲ್ಲಿ ಅನುಮಾನ ಇಲ್ಲ. ಪ್ಯಾಸೇಜ್ 3ರಲ್ಲಿ ಎಸ್‌ಟಿಆರ್ ಪರೀಕ್ಷೆಗೆ ಕಳಿಸಿದೆವು. ಡಿಎನ್ಎಯ ಕೆಲವು ಜಾಗಗಳಲ್ಲಿ ಸಣ್ಣ ತುಣುಕು ಎಷ್ಟು ಸಲ ಮರುಕಳಿಸಿದೆ ಅಂತ ಎಣಿಸುವ ಪರೀಕ್ಷೆ ಇದು, ಪೊಲೀಸರು ಗುರುತು ಹಿಡಿಯಲು ಬಳಸುವುದೂ ಇದನ್ನೇ. ರೋಗಿಯ ರಕ್ತಕ್ಕೆ ಪೂರ್ತಿ ಹೊಂದಿಕೆ. ಲ್ಯಾಬಿನಲ್ಲಿ ಪೇಢಾ ಹಂಚಿದೆವು.

ಪ್ಯಾಸೇಜ್ 5ರ ನಂತರ ಸೆಲ್‌ಗಳು ಅಗಲವಾದವು, ಚಪ್ಪಟೆಯಾದವು. ಪ್ಯಾಸೇಜ್ 6ಕ್ಕೆ ನಿಂತೇ ಹೋದವು. ಅಷ್ಟರಲ್ಲಿ ಕ್ರೋಮೊಸೋಮ್ ಎಣಿಕೆಯೂ ಬಂತು: 46, ಎಕ್ಸ್‌ವೈ. ಎಲ್ಲವೂ ಸರಿ, ಸರಿ ಇರಬಾರದಷ್ಟು ಸರಿ. ಪ್ಯಾಪಿಲರಿ ಗಡ್ಡೆಯಲ್ಲಿ 7 ಮತ್ತು 17ನೇ ಕ್ರೋಮೊಸೋಮ್ ಮೂರು ಮೂರು ಇರುವುದು ಸಾಮಾನ್ಯ, ಗಂಡಸರಲ್ಲಿ ವೈ ಕಳೆದುಹೋಗುವುದೂ ಸಾಮಾನ್ಯ. ನಾವು ಬೆಳೆಸಿದ್ದು ಗಡ್ಡೆಯ ಪಕ್ಕದ ಆರೋಗ್ಯವಾದ ಕಿಡ್ನಿ ನಾಳದ ಸೆಲ್‌ಗಳನ್ನು. ಅವು ಕೆಲವು ಪ್ಯಾಸೇಜ್ ಬೆಳೆದು ತಾವಾಗಿಯೇ ನಿಲ್ಲುತ್ತವೆ.

ಎಸ್‌ಟಿಆರ್ ಸುಳ್ಳು ಹೇಳಿರಲಿಲ್ಲ. ಸೆಲ್ ಯಾರದು ಅಂತ ಕೇಳಿದ್ದೆವು, ಉತ್ತರ ಕೊಟ್ಟಿತು. ಗಡ್ಡೆಯದೋ ಅಲ್ಲವೋ ಅನ್ನುವುದು ಬೇರೆ ಪ್ರಶ್ನೆ, ಅದಕ್ಕೆ ಬೇರೆ ಪರೀಕ್ಷೆ ಬೇಕು. ಅಲ್ಲಿಂದ ಮುಂದೆ ನಮ್ಮ ನೋಟ್‌ಬುಕ್‌ನಲ್ಲಿ ಎರಡು ಕಾಲಂ: "ಯಾರದು", "ಯಾವುದು". ಎರಡೂ ತುಂಬುವ ತನಕ ಯಾವುದಕ್ಕೂ ಲೈನ್ ಅಂತ ಕರೆಯಬಾರದು ಅಂತ ಮಾಡಿಕೊಂಡೆವು. ಪೇಢಾ ಕೂಡ ಇಲ್ಲ.

ಹಂತ 6: ಉಳಿದುಕೊಂಡದ್ದು

ಈ ಸಲ ಎಂಜೈಮ್ ಬಿಟ್ಟು ಎಕ್ಸ್‌ಪ್ಲಾಂಟ್ ವಿಧಾನ. ಚೂರುಗಳನ್ನು ಡಿಶ್‌ಗೆ ಅಂಟಿಸಿ, ಮೇಲೆ ಒಂದೊಂದು ಹನಿ ಸೀರಂ ಇಟ್ಟು, ಅರ್ಧ ಗಂಟೆ ಬಿಟ್ಟು, ಚೂರು ತೇಲದಷ್ಟೇ ಮೀಡಿಯಂ ಹಾಕುವುದು. ಆಮೇಲೆ ಡಿಶ್ ಮುಟ್ಟಬಾರದು. ಬಾಗಿಲು ತೆಗೆದು ನೋಡುವ ಚಪಲಕ್ಕೇ ಎಷ್ಟೋ ಚೂರು ಕಿತ್ತು ತೇಲಿವೆ.

ಹತ್ತು ದಿನದ ಆಸುಪಾಸಿಗೆ ಒಂದು ಚೂರಿನ ಅಂಚಿನಿಂದ ಸೆಲ್‌ಗಳು ಹೊರಬಂದವು. ಕಲ್ಲುಹಾಸು ಅಲ್ಲ. ಒಂದರ ಮೇಲೊಂದು ಏರಿಕೊಂಡು, ಗುಬುಟು ಗುಬುಟಾಗಿ, ಒಳಗೆ ಹೊಳೆಯುವ ಕಣಗಳು. ನೋಡಲು ಚಂದ ಇಲ್ಲ, ಅದೇ ಭರವಸೆ ತಂದಿತು. ಸುತ್ತಲಿನ ಫೈಬ್ರೊಬ್ಲಾಸ್ಟ್ ಕೆರೆದು, ಗುಬುಟಿನ ಮೇಲೆ ಸ್ಟೀಲ್ ಕ್ಲೋನಿಂಗ್ ರಿಂಗ್ ಇಟ್ಟು, ರಿಂಗಿನ ತಳಕ್ಕೆ ಆಟೊಕ್ಲೇವ್ ಮಾಡಿದ ಸಿಲಿಕೋನ್ ಗ್ರೀಸ್ ಹಚ್ಚಿ, ಒಳಗೆ ನಾಲ್ಕು ಹನಿ ಟ್ರಿಪ್ಸಿನ್. ಎದ್ದ ಸೆಲ್‌ಗಳನ್ನು 24 ಗುಳಿಯ ಪ್ಲೇಟಿನ ಒಂದೇ ಗುಳಿಗೆ ಬಿಟ್ಟೆವು. ದೊಡ್ಡ ಫ್ಲಾಸ್ಕಿಗೆ ಕೆಲವೇ ಸೆಲ್ ಹಾಕಿದರೆ ಅವು ಏಳುವುದಿಲ್ಲ, ಇಕ್ಕಟ್ಟಿನಲ್ಲೇ ಚೆನ್ನಾಗಿರುತ್ತವೆ.

ಮೊದಲ ಪ್ಯಾಸೇಜ್‌ಗಳು ತೀರಾ ನಿಧಾನ. 1:2ಕ್ಕಿಂತ ಜಾಸ್ತಿ ಹಂಚಲು ಆಗಲಿಲ್ಲ. ಪ್ಯಾಸೇಜ್ 9ರ ಹೊತ್ತಿಗೆ ಒಮ್ಮೆ ಪೂರ್ತಿ ನಿಂತಂತೆ ಆಯಿತು. ಹಂತ 5ರ ಕಥೆಯೇ ಮತ್ತೆ ಅಂದುಕೊಂಡೆವು. ಮೀಡಿಯಂ ಬದಲಿಸುತ್ತಾ ಇಟ್ಟೆವು. ತಿಂಗಳಾದ ಮೇಲೆ ಮೂಲೆಯಲ್ಲಿ ಮತ್ತೆ ಗುಬುಟು. ಈಗ 1:3 ಹಂಚಿದರೆ ವಾರದೊಳಗೆ ತುಂಬುತ್ತದೆ. ಗುಳಿಗೆ 20,000 ಸೆಲ್ ಬಿಟ್ಟು ದಿನಾ ಎಣಿಸಿದಾಗ 6 ದಿನಕ್ಕೆ 1,60,000ದ ಹತ್ತಿರ ಬಂತು. ಮೂರು ಸಲ ದುಪ್ಪಟ್ಟು, ಅಂದರೆ ದುಪ್ಪಟ್ಟಾಗಲು ಸುಮಾರು 48 ಗಂಟೆ.

ಪ್ಯಾಸೇಜ್ 5ರಿಂದ ಆ್ಯಂಟಿಬಯಾಟಿಕ್ ನಿಲ್ಲಿಸಿದೆವು. ಔಷಧಿಯ ಮರೆಯಲ್ಲಿ ಏನಾದರೂ ಅಡಗಿದ್ದರೆ ಹೊರಬರಲಿ ಅಂತ. ಮೈಕೊಪ್ಲಾಸ್ಮಾ ಅನ್ನುವ ಸಣ್ಣ ಬ್ಯಾಕ್ಟೀರಿಯಾ ಹುಡುಕುವ ಪಿಸಿಆರ್ ಮಾತ್ರ ಬಿಡಬಾರದು. ಅದಕ್ಕೆ ಸೆಲ್ ಗೋಡೆಯೇ ಇಲ್ಲ, ಪೆನಿಸಿಲಿನ್ ತಾಗುವುದಿಲ್ಲ, 0.2 ಮೈಕ್ರಾನ್ ಫಿಲ್ಟರ್‌ನಲ್ಲೂ ನುಸುಳಬಲ್ಲದು, ಮೀಡಿಯಂ ಮಬ್ಬೂ ಆಗುವುದಿಲ್ಲ. ನಮ್ಮದು ಇಲ್ಲಿಯ ತನಕ ನೆಗೆಟಿವ್.

ಹಂತ 7: ಫ್ರೀಜ್

ನೂರಕ್ಕೆ 90 ಎಫ್‌ಬಿಎಸ್, 10 ಡಿಎಂಎಸ್ಒ (ಹಿಮದ ಹರಳು ಸೆಲ್ ಒಡೆಯದ ಹಾಗೆ ಕಾಯುವ ದ್ರಾವಕ). ವೈಲ್‌ಗೆ (ಪುಟ್ಟ ಸೀಸೆಗೆ) ಹತ್ತು ಲಕ್ಷ ಸೆಲ್. ಐಸೊಪ್ರೊಪನಾಲ್ ಡಬ್ಬಿಯಲ್ಲಿಟ್ಟು ಮೈನಸ್ 80ರಲ್ಲಿ ಒಂದು ರಾತ್ರಿ, ನಿಮಿಷಕ್ಕೆ 1 ಡಿಗ್ರಿಯಂತೆ ಇಳಿಯಲಿ ಅಂತ. ಮರುದಿನ ದ್ರವ ನೈಟ್ರೋಜನ್‌ಗೆ. ನೈಟ್ರೋಜನ್ ನಮಗೆ ಸಿಗುವುದು ದನಗಳ ಕೃತಕ ಗರ್ಭಧಾರಣೆಯ ವೀರ್ಯದ ಸ್ಟ್ರಾ ಇಡುವವರಿಗೆ ಬರುವ ಸರಬರಾಜಿನಿಂದಲೇ. ಎಮ್ಮೆ, ಆಕಳಿನ ಲೆಕ್ಕದ ಕೆಳಗೆ ನಮ್ಮದೊಂದು ಸಾಲು ಬರೆದುಕೊಂಡು ಕೊಡುತ್ತಾರೆ. ನೈಟ್ರೋಜನ್ ಇಡುವ ಡೀವಾರ್ ಪಾತ್ರೆಯಲ್ಲಿ ಮರದ ಕೋಲು ಇಳಿಸಿ ಮಟ್ಟ ನೋಡುವುದು, ಹಿಮ ಹಿಡಿದಷ್ಟು ಉದ್ದ ಬರೆದಿಡುವುದು.

ಹಂತ 8: ಗಂಡಸಿನ ಗಡ್ಡೆಗೆ ಬರೀ ಎಕ್ಸ್

ಪ್ಯಾಸೇಜ್ 12ರ ಡಿಎನ್ಎ, ರೋಗಿಯ ರಕ್ತದ ಡಿಎನ್ಎ ಎರಡನ್ನೂ ಎಸ್‌ಟಿಆರ್‌ಗೆ ಕಳಿಸಿದೆವು. ಸ್ಯಾಂಪಲ್‌ಗೆ ಆರು ಸಾವಿರದ ಸುತ್ತಮುತ್ತ ಬಿತ್ತು. ವರದಿ ಬಂದಾಗ ಮೊದಲು ಕಣ್ಣಿಗೆ ಬಿದ್ದದ್ದು ಅಮೆಲೊಜೆನಿನ್ ಸಾಲು. ಗಂಡೋ ಹೆಣ್ಣೋ ಹೇಳುವ ಜಾಗ ಅದು. ರಕ್ತದಲ್ಲಿ ಎಕ್ಸ್, ವೈ. ಲೈನ್‌ನಲ್ಲಿ ಬರೀ ಎಕ್ಸ್.

ನಮ್ಮ ಲ್ಯಾಬಿನಲ್ಲಿ ಇನ್ನೊಬ್ಬರ ಕೆಲಸಕ್ಕೆ ಹೀಲಾ ಸೆಲ್ ಇದೆ. ಹೀಲಾ ಹೆಂಗಸಿನದು. ಜಗತ್ತಿನ ಎಷ್ಟೋ ಲೈನ್‌ಗಳು ಕೊನೆಗೆ ನೋಡಿದರೆ ಹೀಲಾ ಆಗಿದ್ದವು. ಒಂದು ಹನಿ ಬಿದ್ದರೂ ವೇಗದಲ್ಲಿ ಎಲ್ಲವನ್ನೂ ಹಿಂದೆ ಹಾಕಿ ಬೆಳೆಯುತ್ತದೆ. ಪ್ಯಾಸೇಜ್ 9ರಲ್ಲಿ ನಿಂತು ಮತ್ತೆ ಎದ್ದದ್ದು ಬೇರೆ ನೆನಪಾಯಿತು. ಎದ್ದದ್ದು ನಮ್ಮದೋ, ಪಕ್ಕದ ಶೆಲ್ಫಿನದೋ?

ಆಮೇಲೆ ಉಳಿದ ಸಾಲುಗಳನ್ನು ಒಂದೊಂದಾಗಿ ಓದಿದೆವು. ಮುಖ್ಯ 8 ಜಾಗಗಳಲ್ಲಿ ರಕ್ತದಲ್ಲಿ 15 ಅಲೀಲ್ (ಆ ಎಣಿಕೆಯ ಬೇರೆ ಬೇರೆ ರೂಪಗಳು), ಲೈನ್‌ನಲ್ಲಿ 14. ಆ 14ಕ್ಕೆ 14 ರಕ್ತದಲ್ಲಿವೆ. ನೂರಕ್ಕೆ 93 ಹೊಂದಿಕೆ, ಒಂದೇ ಮೂಲದವು ಅನ್ನಲು 80 ಸಾಕು. ಹೀಲಾದಲ್ಲಿ ಡಿ13ಎಸ್317 ಜಾಗದಲ್ಲಿ 13.3 ಅನ್ನುವ ಅಪರೂಪದ ಅಲೀಲ್ ಇದೆ, ನಮ್ಮದರಲ್ಲಿ ಅದರ ನೆರಳೂ ಇಲ್ಲ. ಸಮಾಧಾನ ಆಗದೇ ಎಚ್‌ಪಿವಿ-18 ಪಿಸಿಆರ್ ಕೂಡ ಮಾಡಿದೆವು. ಹೀಲಾದ ಒಳಗೆ ಆ ವೈರಸ್‌ನ ಡಿಎನ್ಎ ಸೇರಿಕೊಂಡಿದೆ. ಜೆಲ್‌ನಲ್ಲಿ ಹೀಲಾದ ಸಾಲಿಗೆ ದಪ್ಪ ಬ್ಯಾಂಡ್, ನಮ್ಮದು ಖಾಲಿ.

ಹಾಗಾದರೆ ವೈ ಎಲ್ಲಿ ಹೋಯಿತು? ಪ್ಯಾಪಿಲರಿಯಲ್ಲಿ ಹೋಗುವುದೇ ಸಾಮಾನ್ಯ ಅಂತ ಹಂತ 5ರಲ್ಲಿ ನಾನೇ ಬರೆದಿದ್ದೇನೆ. ಗಾಬರಿಯಲ್ಲಿ ಅದು ನೆನಪಿಗೆ ಬರಲಿಲ್ಲ. ಹೆದರಿಸಿದ ಸಾಲೇ ಗಡ್ಡೆಯ ಗುರುತು. ಇನ್ನೂ ಒಂದು ವಿಷಯ ಗ್ರಾಫಿನಲ್ಲಿತ್ತು, ವರದಿಯ ಪಟ್ಟಿಯಲ್ಲಿ ಇರಲಿಲ್ಲ. 7ನೇ ಕ್ರೋಮೊಸೋಮ್ ಮೇಲಿರುವ ಡಿ7ಎಸ್820 ಜಾಗದಲ್ಲಿ ರಕ್ತದ ಎರಡು ಶಿಖರಗಳು ಸಮ ಎತ್ತರ. ಲೈನ್‌ನಲ್ಲಿ ಒಂದು ಇನ್ನೊಂದರ ಹತ್ತಿರ ಹತ್ತಿರ ಎರಡರಷ್ಟು. ಒಂದು 7 ಜಾಸ್ತಿ ಇದೆ ಅನ್ನುವ ಸುಳಿವು. ಎಸ್‌ಟಿಆರ್ ಮಾಡಿಸುವವರು ಅಂಕಿಗಳ ಪಟ್ಟಿ ಮಾತ್ರ ತೆಗೆದುಕೊಳ್ಳಬೇಡಿ, ಗ್ರಾಫ್ ಕೇಳಿ ಪಡೆಯಿರಿ.

ಹಂತ 9: ಕ್ರೋಮೊಸೋಮ್

ಸುಳಿವು ಸಾಲದು, ಎಣಿಸಬೇಕು. ಸೆಲ್ ವಿಭಜನೆಯನ್ನು ನಡುವೆಯೇ ನಿಲ್ಲಿಸುವ ಕೊಲ್ಸೆಮಿಡ್ 0.1 ಮೈಕ್ರೊಗ್ರಾಂ ಪ್ರತಿ ಮಿಲಿಗೆ, 3 ಗಂಟೆ. 0.075 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ 20 ನಿಮಿಷ ಸೆಲ್ ಉಬ್ಬಿಸುವುದು. ಮೆಥನಾಲ್ 3 ಪಾಲು, ಅಸಿಟಿಕ್ ಆಸಿಡ್ 1 ಪಾಲು, ಆಗತಾನೇ ಕಲಸಿದ್ದರಲ್ಲಿ ಸೆಲ್ ಫಿಕ್ಸ್ ಮಾಡುವುದು. ಆಮೇಲೆ ತಣ್ಣನೆಯ ಒದ್ದೆ ಸ್ಲೈಡ್ ಮೇಲೆ ಹನಿ ಬೀಳಿಸುವುದು.

ಈ ಹನಿ ಬೀಳಿಸುವುದರಲ್ಲೇ ಎಲ್ಲ ಇದೆ. ಮಾರ್ಚ್‌ನಲ್ಲಿ ಮಾಡಿದಾಗ ಕ್ರೋಮೊಸೋಮ್‌ಗಳು ಒಂದಕ್ಕೊಂದು ಅಂಟಿದ ಮುದ್ದೆ. ಗಾಳಿ ಒಣ, ಹನಿ ಹರಡುವ ಮೊದಲೇ ಆರುತ್ತದೆ. ಜುಲೈನಲ್ಲಿ ಮಾಡಿದಾಗ ಆರುವುದೇ ಇಲ್ಲ, ಹರಡಿ ಹರಡಿ ಒಂದು ಸೆಲ್‌ನದು ಪಕ್ಕದ ಸೆಲ್‌ಗೆ ಬೆರೆಯುತ್ತದೆ, ಎಣಿಕೆ ತಪ್ಪುತ್ತದೆ. ಬೇಸಿಗೆಗೆ ಚಹಾದ ಕೆಟಲ್‌ನ ಹಬೆಗೆ ಸ್ಲೈಡನ್ನು ಎರಡು ಸೆಕೆಂಡ್ ಹಿಡಿದು ಹನಿ ಹಾಕುವುದು, ಮಳೆಗಾಲಕ್ಕೆ ಏಸಿ ರೂಮಿನಲ್ಲಿ ಬಿಸಿ ಪ್ಲೇಟಿನ ಪಕ್ಕ ಆರಿಸುವುದು. ಅದಾದ ಮೇಲೆ ಟ್ರಿಪ್ಸಿನ್ ಹಾಕಿ ಜೀಮ್ಸಾ ಬಣ್ಣ, ಪಟ್ಟೆಗಳು ಕಾಣಲು.

20 ಸೆಲ್ ಎಣಿಸಿದೆವು. ಹೆಚ್ಚಿನವುಗಳಲ್ಲಿ 48. ವೈ ಇಲ್ಲ. 7 ಮೂರು, 17 ಮೂರು, 16 ಕೂಡ ಮೂರು. 46ರಿಂದ ಒಂದು ಕಳೆದು ಮೂರು ಕೂಡಿಸಿ, ಲೆಕ್ಕ ತಾಳೆಯಾಗುತ್ತದೆ. ಕೆಲವದರಲ್ಲಿ ಇದರ ದುಪ್ಪಟ್ಟು. ಪ್ಯಾಸೇಜ್ 28ರಲ್ಲಿ ಮತ್ತೆ ಎಣಿಸಿದಾಗ ದುಪ್ಪಟ್ಟಿನವು ಜಾಸ್ತಿಯಾಗಿದ್ದವು. ಹಾಗಾಗಿ ಪ್ರಯೋಗಕ್ಕೆಲ್ಲ ಪ್ಯಾಸೇಜ್ 12ರಿಂದ 20ರ ಒಳಗಿನ ವೈಲ್ ಮಾತ್ರ.

"ಯಾವುದು" ಕಾಲಂ ತುಂಬಿದ್ದು ಆ ದಿನ.

ಹಂತ 10: ಬಣ್ಣ, ಅಗಾರ್

ಸೆಲ್‌ಗಳನ್ನು ಅಗರೋಸ್‌ನಲ್ಲಿ ಕೂಡಿಸಿ ಪ್ಯಾರಾಫಿನ್ ಬ್ಲಾಕ್ ಮಾಡಿ, ಮೂಲ ಗಡ್ಡೆಯ ಬ್ಲಾಕ್ ಜೊತೆಗೇ ಒಂದೇ ದಿನ, ಯಾವ ಪ್ರೊಟೀನ್‌ಗಳಿವೆ ಅಂತ ನೋಡಲು ಆ್ಯಂಟಿಬಾಡಿಯಿಂದ ಬಣ್ಣ ಹಾಕಿಸಿದೆವು. ಪ್ಯಾಕ್ಸ್8 ಎರಡರಲ್ಲೂ ಪಾಸಿಟಿವ್, ಮೂಲ ಕಿಡ್ನಿ ಅನ್ನುವುದಕ್ಕೆ ಅದು ಹೊಂದುತ್ತದೆ. ಪ್ಯಾಪಿಲರಿಯ ಗುರುತಾದ ಎಎಂಎಸಿಆರ್ ಎರಡರಲ್ಲೂ ಕಣಕಣವಾಗಿ ಜೋರು. ಸಿಕೆ7 ಗಡ್ಡೆಯಲ್ಲಿ ಜೋರು, ಲೈನ್‌ನಲ್ಲಿ ಅಲ್ಲಲ್ಲಿ ಮಾತ್ರ. ಪ್ಲಾಸ್ಟಿಕ್ ಮೇಲೆ ಬೆಳೆದದ್ದಕ್ಕೆ ಹೀಗಾಯಿತೋ, ರಿಂಗಿನೊಳಗೆ ಬಂದ ಸೆಲ್‌ಗಳೇ ಹಾಗಿದ್ದವೋ ಅಂತ ತಿಳಿಯಲು ಎಕ್ಸ್‌ಪ್ಲಾಂಟ್ ಹಂತದ್ದೂ ಒಂದು ಬ್ಲಾಕ್ ಬೇಕಿತ್ತು. ಮಾಡಿಟ್ಟಿರಲಿಲ್ಲ. ಕ್ಲಿಯರ್ ಸೆಲ್‌ನಲ್ಲಿ ಜೋರಾಗಿ ಬರುವ ಸಿಎ9 ನಮ್ಮದರಲ್ಲಿ ಇಲ್ಲ ಅನ್ನುವಷ್ಟು ಕಡಿಮೆ.

ಮೆತ್ತನೆ ಅಗಾರ್ ಪರೀಕ್ಷೆ: ಕೆಳಗೆ 0.6, ಮೇಲೆ 0.35 ಶೇಕಡಾ. ತಳಕ್ಕೆ ಅಂಟದೇ ತೇಲಾಡುತ್ತಲೇ ಗುಂಪು ಕಟ್ಟಿದವು. ಆರೋಗ್ಯವಾದ ಸೆಲ್ ಹಾಗೆ ಮಾಡುವುದಿಲ್ಲ. ಇಲಿಯಲ್ಲಿ ಬೆಳೆಸಿ ನೋಡಿಲ್ಲ. ಅದಕ್ಕೆ ಬೇರೆ ಅನುಮತಿ, ಬೇರೆ ಸೌಲಭ್ಯ ಬೇಕು.

ಖರ್ಚು, ಬಾಕಿ

ಎಲ್ಲಕ್ಕಿಂತ ದುಡ್ಡು ತಿಂದದ್ದು ಎಫ್‌ಬಿಎಸ್. 500 ಮಿಲಿ ಬಾಟಲಿ ಮೂವತ್ತು ಸಾವಿರದ ಮೇಲೆ. 50 ಮಿಲಿ ಟ್ಯೂಬ್‌ಗಳಿಗೆ ಹಂಚಿ ಫ್ರೀಜ್ ಮಾಡಿ, ಇಲ್ಲದಿದ್ದರೆ ಒಂದು ಬೂಷ್ಟಿಗೆ ಇಡೀ ಬಾಟಲಿ ಹೋಗುತ್ತದೆ. ಅದರ ನಂತರ ಇನ್ವರ್ಟರ್, ಎಸ್‌ಟಿಆರ್, ಆ್ಯಂಟಿಬಾಡಿಗಳು. ಡಯಲೈಸ್ಡ್ ಸೀರಂ ಇನ್ನೂ ಅರ್ಧ ಫ್ರೀಜರ್‌ನಲ್ಲಿದೆ, ಯಾರಿಗಾದರೂ ಬೇಕಿದ್ದರೆ ಒಯ್ಯಬಹುದು.

ಬಾಕಿ ಇರುವುದು: 7ನೇ ಕ್ರೋಮೊಸೋಮ್ ಮೇಲಿರುವ ಮೆಟ್ ಜೀನ್ ಓದಿಸುವುದು, ಮೆಟ್ ತಡೆಯುವ ಕ್ಯಾಬೊಜಾಂಟಿನಿಬ್ ಔಷಧಿಗೆ ಈ ಸೆಲ್‌ಗಳು ಹೇಗೆ ಸ್ಪಂದಿಸುತ್ತವೆ ಅಂತ ನೋಡುವುದು, ಪ್ಯಾಸೇಜ್ 50 ಮುಟ್ಟಿಸುವುದು, ಪುಣೆಯ ಎನ್‌ಸಿಸಿಎಸ್ (ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರ) ನಡೆಸುವ ಸೆಲ್ ರೆಪೊಸಿಟರಿಗೆ ಒಂದು ಸೆಟ್ ಕೊಡಲು ಕೇಳುವುದು. ಒಂದೇ ಡೀವಾರ್‌ನಲ್ಲಿ ಎಲ್ಲ ವೈಲ್ ಇಟ್ಟುಕೊಂಡು ಕೂರುವುದು ನನಗೆ ಸರಿ ಕಾಣುವುದಿಲ್ಲ.

ಸೆಲ್ ಬೇಕು ಅನ್ನುವವರಿಗೆ ಒಂದು ಮಾತು. ಡ್ರೈ ಐಸ್‌ನಲ್ಲಿ ಕಳಿಸಲು ನಮ್ಮ ಕಡೆ ಕಷ್ಟ. ಬೆಳೆದ ಟಿ-25 ಫ್ಲಾಸ್ಕಿಗೆ ಕುತ್ತಿಗೆ ತನಕ ಮೀಡಿಯಂ ತುಂಬಿ, ಮುಚ್ಚಳ ಬಿಗಿದು, ಪ್ಯಾರಾಫಿಲ್ಮ್ ಸುತ್ತಿ ಕೊರಿಯರ್ ಮಾಡುತ್ತೇವೆ. ಬೆಂಗಳೂರಿಗೆ ಹಾಗೇ ಕಳಿಸಿದ್ದು ಚೆನ್ನಾಗಿ ತಲುಪಿದೆ. ತಲುಪಿದ ಕೂಡಲೇ ಹೆಚ್ಚಿನ ಮೀಡಿಯಂ ತೆಗೆದು 5 ಮಿಲಿ ಉಳಿಸಿ, ಒಂದು ರಾತ್ರಿ 37 ಡಿಗ್ರಿಯಲ್ಲಿಟ್ಟು ಆಮೇಲೆ ನೋಡಿ. ಎಸ್‌ಟಿಆರ್ ಪಟ್ಟಿ ಜೊತೆಗೇ ಬರುತ್ತದೆ. ಅದನ್ನು ನಂಬಿ ಸುಮ್ಮನಾಗದೇ ನಿಮ್ಮ ಕಡೆಯೂ ಒಮ್ಮೆ ಮಾಡಿಸಿ, ಫಲಿತಾಂಶ ನಮಗೂ ಕಳಿಸಿ.